ನಿಮ್ಮ ಮೂರನೇ ಪ್ಯಾರಾದಲ್ಲಿ ಕೆಲಸ ಮಾಡುವವರು ಯಾರು?

ನಮಸ್ಕಾರ.

ಕೃತಕ ರಕ್ತನಾಳಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ. ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಕೊಳವೆ ದೊಡ್ಡ ನಾಳಗಳಿಗೆ ಸರಿ, 6 ಮಿಲಿಮೀಟರಿಗಿಂತ ಸಣ್ಣ ನಾಳಗಳಲ್ಲಿ ಬೇಗ ಕಟ್ಟಿಕೊಳ್ಳುತ್ತದೆ ಅನ್ನೋದನ್ನೂ ಸರಿಯಾಗಿಯೇ ಹೇಳಿದ್ದೀರಿ. ಹೊಗಳಿಕೆ ಇಷ್ಟು ಸಾಕು. ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಮೂರನೇ ಪ್ಯಾರಾ, ದೇಹದೊಳಗೆ ಕರಗುವ ಪಾಲಿಮರ್ ಕೊಳವೆಯ ಬಗ್ಗೆ ಇರುವುದು. 'ಕೊಳವೆಯನ್ನು ಅಳವಡಿಸಲಾಗುತ್ತದೆ. ಕಾಲಕ್ರಮೇಣ ಅದು ಕರಗುತ್ತದೆ. ಹೊಸ ನಾಳ ರೂಪುಗೊಳ್ಳುತ್ತದೆ.' ಮೂರು ವಾಕ್ಯ, ಕೆಲಸ ಮಾಡುವವರು ಒಬ್ಬರೂ ಇಲ್ಲ!

ಮೊದಲನೆಯದನ್ನು ಬಿಡೋಣ. ('ಸರ್ಜನ್ ಹೊಲಿಯುತ್ತಾರೆ' ಅಂತ ಬರೆಯಬಹುದಿತ್ತು, ಅಲ್ವಾ?) 'ಕಾಲಕ್ರಮೇಣ' ಅಂದರೆ ಎಷ್ಟು ಕಾಲ? ಪಿಜಿಎ ಎಂಬ ಪಾಲಿಮರ್ ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಪಿಸಿಎಲ್ ಎಂಬ ಇನ್ನೊಂದು ಪಾಲಿಮರ್ ಪೂರ್ತಿ ಕರಗಲು ವರ್ಷಗಳೇ ಬೇಕು. ಬೇಗ ಕರಗಿದರೆ, ಹೊಸ ಗೋಡೆ ಗಟ್ಟಿಯಾಗುವ ಮೊದಲೇ ರಕ್ತದ ಒತ್ತಡಕ್ಕೆ ಉಬ್ಬಿಕೊಳ್ಳುತ್ತದೆ, ಒಡೆಯಲೂಬಹುದು. ತೀರಾ ತಡವಾದರೆ ಉರಿಯೂತ ಎಳೆಯುತ್ತಲೇ ಹೋಗುತ್ತದೆ, ಒಳಗೆ ಅಂಗಾಂಶ ದಪ್ಪವಾಗಿ ದಾರಿ ಕಿರಿದಾಗುತ್ತದೆ. ವಿನ್ಯಾಸ ಮಾಡುವವರಿಗೆ ಇದೇ ದೊಡ್ಡ ತಲೆನೋವು. ನೀವು ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ.

'ರೂಪುಗೊಳ್ಳುತ್ತದೆ' ಇನ್ನೂ ಕೆಟ್ಟದ್ದು. ಸುಮ್ನೆ ತಾನಾಗಿಯೇ ಆಗುತ್ತದಾ? ಕೊಳವೆಯ ಗೋಡೆಯ ಸಣ್ಣ ರಂಧ್ರಗಳೊಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ನುಗ್ಗುತ್ತವೆ. ಪಾಲಿಮರ್ ಚೂರುಗಳನ್ನು ನುಂಗುತ್ತವೆ, ಸಂಕೇತ ಕಳಿಸಿ ಬೇರೆ ಕೋಶಗಳನ್ನು ಕರೆಯುತ್ತವೆ. ಸ್ನಾಯುಕೋಶಗಳು ಬಂದು ಗೋಡೆ ಕಟ್ಟುತ್ತವೆ. ರಕ್ತನಾಳದ ಒಳಪದರವಾಗುವ ಎಂಡೋಥೀಲಿಯಲ್ ಕೋಶಗಳು ಒಳಮೈ ತುಂಬ ಹಾಸಿಕೊಂಡರೆ ರಕ್ತ ಹೆಪ್ಪುಗಟ್ಟದೆ ಹರಿಯುತ್ತದೆ. ರಂಧ್ರ ತೀರಾ ಸಣ್ಣದಾದರೆ ಕೋಶಗಳು ಬಾಗಿಲಲ್ಲೇ ನಿಲ್ಲುತ್ತವೆ. ಇಷ್ಟೆಲ್ಲ ಜನ ದುಡಿಯುವ ಕಡೆ ನಿಮ್ಮ ಪ್ಯಾರಾ ಮಾತ್ರ ಖಾಲಿ ಖಾಲಿ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯರೊಬ್ಬರಿದ್ದರು. 'ಲಾಗಿದೆ', 'ಲಾಯಿತು' ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಯಾರು?' ಅಂತ ಬರೆದು ವಾಪಸ್ ಕೊಡುತ್ತಿದ್ದರು. ವಿವರಣೆ ಏನೂ ಇಲ್ಲ. ಗೊಣಗುತ್ತಾ ಮತ್ತೆ ಫೋನ್ ಮಾಡಬೇಕು. ವಿಚಿತ್ರ ಅಂದರೆ, ನಿಜವಾದ ಸುದ್ದಿ ಎಷ್ಟೋ ಸಲ ಆ ಎರಡನೇ ಫೋನಿನಲ್ಲೇ ಸಿಗುತ್ತಿತ್ತು. ಆ ಮನುಷ್ಯನ ಮೇಲೆ ಆಗ ನನಗೆ ಪ್ರೀತಿಯೇನೂ ಇರಲಿಲ್ಲ.

ಅದೇ ಪೆನ್ಸಿಲ್ ನಿಮ್ಮ ಇನ್ನೊಂದು ಸಾಲಿಗೂ ಬೇಕು: '1952ರಲ್ಲಿ ಬಟ್ಟೆಯ ಕೊಳವೆಯ ಪ್ರಯೋಗವನ್ನು ಪ್ರಕಟಿಸಲಾಯಿತು.' ಯಾರು? ಅಮೆರಿಕದ ಸರ್ಜನ್ ಆರ್ಥರ್ ವೂರ್ಹೀಸ್. ನಾಯಿಯ ಹೃದಯದೊಳಗೆ ಉಳಿದ ರೇಷ್ಮೆ ಹೊಲಿಗೆಯ ಮೇಲೆ, ಕೆಲವು ತಿಂಗಳಲ್ಲಿ ನಯವಾದ, ಹೊಳೆಯುವ ಪೊರೆ ಹರಡಿದ್ದನ್ನು 1947ರಲ್ಲಿ ಆತ ಕಂಡರು. ಎಳೆಗೆ ಹೀಗಾದರೆ ಬಟ್ಟೆಗೂ ಆಗಬಹುದಲ್ಲ ಅಂತ ಹೊಳೆಯಿತು. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ.

ಈ ಎರಡು ಜಾಗ ಹೊಸದಾಗಿ ಬರೆದು ಕಳಿಸಿ. ಉದ್ದವಾದರೆ ಆಗಲಿ. ಭವಿಷ್ಯದ ಬಗ್ಗೆ ಇರುವ ಕೊನೆಯ ಎರಡು ಪ್ಯಾರಾ ನಾನೇ ತೆಗೆದು ಜಾಗ ಮಾಡಿಕೊಡುತ್ತೇನೆ.