ಪ್ರತಿಕ್ರಿಯೆ: ತರಗತಿಯ ಹೊಣೆಯಿರುವ ಮುಖ್ಯೋಪಾಧ್ಯಾಯರು ಸಹೋದ್ಯೋಗಿಗಳ ಪಾಠ ನೋಡುವುದು ಹೇಗೆ?

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಮುಖ್ಯೋಪಾಧ್ಯಾಯರಾಗಿ ಬಂದಿರುವ ತಾವು, ನಾಲ್ಕನೇ ತರಗತಿಯ ಹೊಣೆ ಮತ್ತು ಮಧ್ಯಾಹ್ನದೂಟದ ಲೆಕ್ಕಪತ್ರಗಳ ನಡುವೆ, ವಯಸ್ಸಿನಲ್ಲಿ ಹಿರಿಯರಾದ ಶಿಕ್ಷಕರ ಪಾಠ ನೋಡಿ ಅವರಿಗೆ ನೋವಾಗದಂತೆ ಸಲಹೆ ನೀಡುವುದು ಹೇಗೆಂದು ಕೇಳಿದ್ದೀರಿ.

ಸಮಯದ ಅಭಾವಕ್ಕೆ ತಾವು ಕಾರಣರಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಐದನೇ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರನ್ನು ಸೂಚಿಸುತ್ತದೆ. ಸಣ್ಣ ಶಾಲೆಯಲ್ಲಿ ಮುಖ್ಯೋಪಾಧ್ಯಾಯರೂ ಪಾಠ ಮಾಡಲೇಬೇಕು.

ಆದುದರಿಂದ ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆಯುವ ಕ್ರಮವನ್ನು ಸದ್ಯ ಬಿಟ್ಟು, ಮಕ್ಕಳ ಪುಸ್ತಕಗಳಿಂದ ಆರಂಭಿಸುವುದು ಒಳ್ಳೆಯದು. 52ರಿಂದ 27 ಕಳೆಯುವ ಲೆಕ್ಕದಲ್ಲಿ ಪುಸ್ತಕದ ತುಂಬ ಸರಿ ಗುರುತುಗಳೇ ಇರಬಹುದು. ಅದೇ ಮಗುವಿಗೆ ಬೇರೆ ಹಾಳೆ ಕೊಟ್ಟಾಗ ಉತ್ತರ 35 ಎಂದು ಬಂದರೆ, ಅದು ಏಳರಿಂದ ಎರಡನ್ನು ಕಳೆದಿದೆ, ಒಂದು ಹತ್ತನ್ನು ಬಿಡಿಸಿ ಬಿಡಿಗಳಿಗೆ ಸೇರಿಸಲು ಕಲಿತಿಲ್ಲ, ಪುಸ್ತಕದಲ್ಲಿ ಬರೆದುದನ್ನು ಹಲಗೆಯಿಂದ ನಕಲು ಮಾಡಿದೆ ಎಂದು ತಿಳಿಯುತ್ತದೆ. ಆ ಹಾಳೆಯನ್ನು ಶಾಲೆಯ ಶಿಕ್ಷಕರೆಲ್ಲ ಸೇರಿ ಕಲಿಕೆಯ ಬಗ್ಗೆ ಚರ್ಚಿಸುವ ಎಸ್‌ಆರ್‌ಜಿ ಸಭೆಯಲ್ಲಿ ಹೆಸರಿಲ್ಲದೆ ಮುಂದಿಟ್ಟರೆ ಮಾತು ಶಿಕ್ಷಕರ ಮೇಲಲ್ಲ, ತಪ್ಪಿನ ಮೇಲೆ ನಿಲ್ಲುತ್ತದೆ.

ಮೊದಲಿಗೆ ಹಿರಿಯರನ್ನೇ ತಮ್ಮ ತರಗತಿಗೆ ಕರೆಯಿರಿ. ತುಳು, ಬ್ಯಾರಿ, ಮಲಯಾಳಂ ಮನೆಮಾತಿನ ಮಕ್ಕಳಿಗೆ ಒಂದನೇ ತರಗತಿಯಲ್ಲಿ ಕನ್ನಡ ದಾಟಿಸುವ ಉಪಾಯಗಳು ಅವರಲ್ಲಿಯೇ ಹೆಚ್ಚು. ಅದನ್ನು ಕೇಳಿ ಕಲಿತ ಬಳಿಕ ಅವರ ತರಗತಿಯ ಬಾಗಿಲು ತಮಗೆ ತಾನಾಗಿ ತೆರೆಯುತ್ತದೆ.