ಕಾಯಿಲ್‌ಗೆ ಪಲ್ಸ್ ಡಿಸಿ ಕೊಡೋಕೆ ಫಂಕ್ಷನ್ ಜನರೇಟರ್ ಕೊಳ್ಳಲೇಬೇಕಾ?

ನಿಮ್ಮ ಬಳಿ 12 ವೋಲ್ಟ್ ಬ್ಯಾಟರಿ, ಒಂದು ಸೊಲೆನಾಯ್ಡ್ (ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿಯನ್ನು ಒಳಗೆಳೆಯುವ ಕಾಯಿಲ್) ಇದೆ. ಅದಕ್ಕೆ ಪಲ್ಸ್ ಡಿಸಿ, ಅಂದರೆ ಆನ್-ಆಫ್ ಆಗುತ್ತಾ ಬರುವ ಕರೆಂಟ್ ಕೊಡೋಕೆ ಫಂಕ್ಷನ್ ಜನರೇಟರಿಗೆ (ಬೇಕಾದ ಸಿಗ್ನಲ್ ಹುಟ್ಟಿಸುವ ಲ್ಯಾಬ್ ಉಪಕರಣ) ದುಡ್ಡು ಹೊಂದಿಸುವ ಚಿಂತೆ. ಡಿಪ್ಲೊಮಾ ಎರಡನೇ ವರ್ಷದಲ್ಲಿ ನನ್ನದೂ ಇದೇ ಕಥೆ. ಕೊಳ್ಳಬೇಡಿ. ಸಾಮಾನ್ಯವಾಗಿ ಅದರ ಔಟ್‌ಪುಟ್‌ನಲ್ಲೇ 50 ಓಮ್ ರೆಸಿಸ್ಟೆನ್ಸ್ ಕೂತಿರುತ್ತದೆ. ಸೊಲೆನಾಯ್ಡ್ ಎಳೆಯುವಷ್ಟು ಕರೆಂಟ್ ಅದರಿಂದ ಬರಲ್ಲ.

ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು 555 ಟೈಮರ್ (ಪಲ್ಸ್ ಹುಟ್ಟಿಸುವ ಚಿಪ್), ಒಂದು ಐಆರ್‌ಎಫ್540 ಮಾಸ್ಫೆಟ್ (ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ತಂದೆ. 1ಕೆ, 68ಕೆ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸೆಕೆಂಡಿಗೆ ಸುಮಾರು ಹತ್ತು ಪಲ್ಸ್ ಬರುತ್ತವೆ. 555ರ 3ನೇ ಪಿನ್ ಹೆಚ್ಚೆಂದರೆ 200 ಮಿಲಿಆಂಪ್ ಕೊಡುತ್ತದೆ, ಅದಕ್ಕೇ ಮಾಸ್ಫೆಟ್ ಬೇಕು. ಮೊದಲು ಮಾಸ್ಫೆಟ್‌ಗೆ ರೆಸಿಸ್ಟರ್ ಜೊತೆ ಎಲ್‌ಇಡಿ ಹಾಕಿದೆ. ಚೆನ್ನಾಗಿ ಮಿನುಗಿತು. ಎರಡನ್ನೂ ಕಿತ್ತು ಅದೇ ಜಾಗಕ್ಕೆ ಸೊಲೆನಾಯ್ಡ್ ಸಿಕ್ಕಿಸಿದೆ.

ಟಕಟಕ ಅಂತ ಸ್ವಲ್ಪ ಹೊತ್ತು ಬಡಿಯಿತು. ಆಮೇಲೆ ಸದ್ದು ನಿಂತು, ಕಬ್ಬಿಣದ ಕಡ್ಡಿ ಒಳಗೇ ಕಚ್ಚಿಕೊಂಡಿತು. ವಾರ್ನಿಷ್ ಸುಟ್ಟ ವಾಸನೆ. ಮಾಸ್ಫೆಟ್ ಶಾರ್ಟ್ ಆಗಿ ಕಾಯಿಲ್‌ಗೆ ಕರೆಂಟ್ ಒಂದೇ ಸಮ ಹರಿಯುತ್ತಿತ್ತು. ಡೂಪ್ಲಿಕೇಟ್ ಮಾಲು ಇರಬೇಕು ಅಂದುಕೊಂಡು ಇನ್ನೊಂದು ತಂದೆ. ಅದೂ ಹೋಯಿತು. ಮೂರನೆಯದು 555ನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಾಲ್ಕನೇ ಸಲ ಅಂಗಡಿಯ ಹಿರಿಯರು ಕೇಳಿದರು: "ಕಾಯಿಲ್‌ಗೆ ಅಡ್ಡ ಡಯೋಡ್ ಹಾಕಿದೀಯೇನಪ್ಪಾ?"

ಹಾಕಿರಲಿಲ್ಲ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಎಲ್‌ಇಡಿ ಮಿನುಗಿದ್ದಕ್ಕೆ ಸರ್ಕ್ಯೂಟ್ ಸರಿಯಿದೆ ಅಂತ ನಂಬಿದ್ದೇ ತಪ್ಪು. ಎಲ್‌ಇಡಿ ಆಫ್ ಅಂದರೆ ಆಫ್. ಕಾಯಿಲ್ ಹಾಗಲ್ಲ. ಹರಿಯುತ್ತಿರುವ ಕರೆಂಟನ್ನು ಅದು ತಟ್ಟನೆ ನಿಲ್ಲಲು ಬಿಡುವುದಿಲ್ಲ. ನೀವು ದಾರಿ ಮುಚ್ಚಿದ ಕೂಡಲೇ ತಾನೇ ವೋಲ್ಟೇಜ್ ಏರಿಸಿ ನುಗ್ಗುತ್ತದೆ. ಬ್ಯಾಟರಿ 12 ವೋಲ್ಟ್ ಇದ್ದರೇನು, 100 ವೋಲ್ಟ್ ತಡೆಯುವ ಮಾಸ್ಫೆಟ್ಟನ್ನೂ ಕೆಡವುತ್ತದೆ. ಸೆಕೆಂಡಿಗೆ ಹತ್ತು ಸಲ, ಪ್ರತಿ ಪಲ್ಸ್‌ಗೂ ಒಂದು ಏಟು. ಡಯೋಡ್ ಇದ್ದರೆ ಆ ಕರೆಂಟ್ ಕಾಯಿಲ್‌ನಲ್ಲೇ ಸುತ್ತಿ ಸುಮ್ಮನಾಗುತ್ತದೆ.

ಡಯೋಡಿನ ಬಿಳಿ ಪಟ್ಟಿ ಬ್ಯಾಟರಿಯ ಪ್ಲಸ್ ಕಡೆ ಇರಲಿ. ತಿರುಗಿಸಿ ಹಾಕಿದರೆ ಮಾಸ್ಫೆಟ್ ಆನ್ ಆದ ಕೂಡಲೇ ನೇರ ಶಾರ್ಟ್. ನಾನು 1ಎನ್5408 ಹಾಕುತ್ತೇನೆ, ಅದು 3 ಆಂಪ್‌ನದು. ಸೆಕೆಂಡಿಗೆ ಸಾವಿರಗಟ್ಟಲೆ ಪಲ್ಸ್ ಬೇಕಿದ್ದರೆ ಮಾತ್ರ ಇದು ನಿಧಾನ, ಆಗ ಶಾಟ್ಕಿ ಅನ್ನುವ ವೇಗದ ಡಯೋಡ್ ತಗೊಳ್ಳಿ.

ಫಂಕ್ಷನ್ ಜನರೇಟರ್ ದುಡ್ಡಲ್ಲಿ ಒಂದು ಒಳ್ಳೆಯ ಮಲ್ಟಿಮೀಟರ್ ತಗೊಂಡು, ಕಾಯಿಲ್ ಎಷ್ಟು ಓಮ್ ಅಂತ ಅಳೆದು ಹೇಳಿ. 12ನ್ನು ಅದರಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. 3 ಆಂಪ್ ದಾಟಿದರೆ ಬೇರೆ ಡಯೋಡ್ ನೋಡೋಣ.