ಅಕ್ಕನನ್ನು ‘ಸ್ಟೆಪ್‌ಫರ್ಡ್ ಹೆಂಡತಿ’ ಎಂದುಬಿಟ್ಟೆ

ಪ್ರಶ್ನೆ: ನನಗೆ 33 ವರ್ಷ, ಉದ್ಯೋಗದಲ್ಲಿದ್ದೇನೆ. ನನಗಿಂತ 5 ವರ್ಷ ದೊಡ್ಡವಳಾದ ಅಕ್ಕ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಸಂಪಾದಿಸುತ್ತಿದ್ದಳು. ಎರಡು ವರ್ಷಗಳಿಂದ ಅದನ್ನು ಬಿಟ್ಟು ಮನೆ, ಮಕ್ಕಳು, ಅಡುಗೆ ಎಂದು ಇದ್ದಾಳೆ. ಅವಳ ಚಿತ್ರದ ಮೇಜು ಇದ್ದ ಕೋಣೆಯಲ್ಲಿ ಈಗ ಭಾವನ ವ್ಯಾಯಾಮದ ಯಂತ್ರವಿದೆ. ಕೇಳಿದರೆ ‘ಅವಳಿಗೇ ಮನೆಯಲ್ಲಿರುವುದು ಇಷ್ಟ’ ಎಂದು ಭಾವ ಹೇಳುತ್ತಾರೆ. ಅವರು ಒಳ್ಳೆಯವರೇ, ದನಿ ಎತ್ತಿ ಮಾತನಾಡಿದವರಲ್ಲ. ಇತ್ತೀಚೆಗೆ ‘ದಿ ಸ್ಟೆಪ್‌ಫರ್ಡ್ ವೈವ್ಸ್’ ಕಾದಂಬರಿ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ನಗುನಗುತ್ತಾ ಬಡಿಸುತ್ತಿದ್ದ ಅಕ್ಕನಿಗೆ ‘ನೀನೂ ಒಬ್ಬ ಸ್ಟೆಪ್‌ಫರ್ಡ್ ಹೆಂಡತಿ’ ಎಂದುಬಿಟ್ಟೆ, ಗಂಡನ ಇಷ್ಟದಂತೆ ನಗುತ್ತಾ ಮನೆಗೆಲಸ ಮಾಡುವ ಬೊಂಬೆ ಎಂದು ಅರ್ಥವನ್ನೂ ಬಿಡಿಸಿ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿಟ್ಟು ಒಳಗೆ ಹೋದಳು. ಅಂದಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ನಾನು ಕ್ಷಮೆ ಕೇಳಬೇಕೇ, ಇಲ್ಲವೇ ಅವಳನ್ನು ಎಚ್ಚರಿಸುವುದು ನನ್ನ ಕರ್ತವ್ಯವೇ?

ಉತ್ತರ: ಕ್ಷಮೆ ಕೇಳಿ. ನಾಲ್ಕು ಜನರ ಎದುರು ಆಡಿದ ಮಾತಾದ್ದರಿಂದ ಆ ನಾಲ್ವರಿಗೂ ಗೊತ್ತಾಗುವಂತೆ ಕೇಳಿ. ‘ತಪ್ಪಾಯಿತು, ಆದರೆ’ ಎಂದು ಶುರುಮಾಡಿದರೆ ಆ ‘ಆದರೆ’ ಮಾತ್ರ ಅವರ ಕಿವಿಗೆ ಬೀಳುತ್ತದೆ.

ನೀವು ಆ ಕಾದಂಬರಿಯನ್ನು ಭಯಪಟ್ಟು ಓದಿದ್ದೀರಿ. ಅದರಲ್ಲಿ ತಪ್ಪೇನಿಲ್ಲ, ಐರಾ ಲೆವಿನ್ 1972ರಲ್ಲಿ ಅದನ್ನು ಪ್ರಕಟಿಸಿದ್ದು ಓದುಗರನ್ನು ಹೆದರಿಸಲೆಂದೇ. ಆದರೆ ಅದು ವಿಡಂಬನೆಯೂ ಹೌದು, ಆ ವಿಡಂಬನೆಯ ಗುರಿ ಅಡುಗೆಮನೆಯಲ್ಲಿ ನಿಂತ ಹೆಂಗಸರಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿದೆಯೆಂದು ಕಲ್ಪಿಸಿಕೊಂಡ ಸ್ಟೆಪ್‌ಫರ್ಡ್ ಎಂಬ ಊರಿನಲ್ಲಿ ಗಂಡಸರು ಸಂಜೆಯಾದರೆ ತಮ್ಮ ಸಂಘದ ಕಟ್ಟಡದಲ್ಲಿ ಸೇರುತ್ತಾರೆ. ಅವರಲ್ಲೊಬ್ಬ ಮನೆಗೆ ಬಂದು ಕುಳಿತು, ಹೊಗಳುತ್ತಲೇ ಮನೆಯೊಡತಿಯ ಮುಖವನ್ನು ಹಲವು ಕೋನಗಳಿಂದ ಚಿತ್ರಿಸಿಕೊಳ್ಳುತ್ತಾನೆ, ಇನ್ನೊಬ್ಬ ಯಾವುದೋ ಅಧ್ಯಯನಕ್ಕೆಂದು ಹೇಳಿ ಅವಳಿಂದ ಪದಗಳ ಉದ್ದದ ಪಟ್ಟಿಯನ್ನು ಓದಿಸಿ ದನಿಯನ್ನು ಮುದ್ರಿಸಿಕೊಳ್ಳುತ್ತಾನೆ, ಅವಳು ಪಾಪ, ಸಹಾಯವೆಂದೇ ತಿಳಿದು ಓದಿಕೊಡುತ್ತಾಳೆ. ಕೊನೆಗೆ ಅವಳನ್ನು ಹೇಗೆ ಮುಗಿಸಿದರು ಎಂಬುದನ್ನು ಲೇಖಕ ನೇರವಾಗಿ ತೋರಿಸುವುದಿಲ್ಲ. ನೆಲ ಉಜ್ಜುತ್ತಾ ನಗುವುದು ಆ ಮುಖ, ಆ ದನಿಯನ್ನು ನಕಲಿಸಿ ಗಂಡಸರು ಮಾಡಿದ ಯಂತ್ರದ ಬೊಂಬೆ, ಹೆಂಡತಿ ಸತ್ತಿದ್ದಾಳೆ ಎಂದು ಮಾತ್ರ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಹೀಗೆ ಕೊಲೆಯಾದವರ ಹೆಸರನ್ನೇ ಲೋಕ ಆಮೇಲೆ ಬೈಗುಳ ಮಾಡಿಕೊಂಡಿತು, ಕೊಂದವರಿಗೆ ಅಂಥ ಹೆಸರೇ ಹುಟ್ಟಲಿಲ್ಲ. ನೀವೂ ಆ ಊಟದ ಹೊತ್ತಿನಲ್ಲಿ ಮಾಡಿದ್ದು ಅದನ್ನೇ: ಮೇಜು ಹೋದದ್ದು ಅಕ್ಕನದು, ಬೈಸಿಕೊಂಡವರೂ ಅಕ್ಕನೇ.

ನಿಮ್ಮ ಭಯಕ್ಕೆ ಸಮಾಧಾನವಾಗಿ ಒಂದು ಮಾತು. ಆ ಊರಿನ ಬದಲಾದ ಹೆಂಗಸರಿಗೆ ಏನು ಅಂದರೂ ನೋವಾಗುವುದಿಲ್ಲ, ಯಾವ ಮಾತೂ ಅವರ ನಗುವನ್ನು ಕದಲಿಸುವುದಿಲ್ಲ. ನಿಮ್ಮ ಅಕ್ಕ ಪಾತ್ರೆಯನ್ನು ಕುಕ್ಕಿಟ್ಟರು, ಫೋನ್ ಎತ್ತುವುದನ್ನು ಬಿಟ್ಟರು. ಇಷ್ಟು ಚೆನ್ನಾಗಿ ಸಿಟ್ಟು ಮಾಡಿಕೊಳ್ಳಬಲ್ಲವರು ಬೊಂಬೆಯಾಗಿಲ್ಲ.

ಹಾಗೆಂದು ನಿಮ್ಮ ಅನುಮಾನ ಪೂರ್ತಿ ಹುಸಿಯೆಂದೂ ನಾನು ಹೇಳಲಾರೆ. ನಿಮ್ಮ ಪತ್ರದಲ್ಲಿ ನಾನು ಎರಡು ಬಾರಿ ಓದಿದ ಸಾಲು ವ್ಯಾಯಾಮದ ಯಂತ್ರದ ಕುರಿತಾದದ್ದು. ಕಾದಂಬರಿಯಲ್ಲಿ ಟೆನಿಸ್ ಎಂದರೆ ಪ್ರಾಣ ಬಿಡುವ ಷಾರ್ಮೇನ್ ಎಂಬ ಹೆಂಗಸಿನ ಮನೆಯಂಗಳದ ಟೆನಿಸ್ ಅಂಕಣವನ್ನು ಕಿತ್ತುಹಾಕುವ ಸನ್ನಿವೇಶ ನಿಮಗೆ ನೆನಪಿರಬೇಕು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅದಕ್ಕಿಂತ ಭಯಂಕರವಾದ ಪುಟವಿಲ್ಲ, ಏಕೆಂದರೆ ಅಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ, ಕೆಲಸದವರು ಅಗೆಯುತ್ತಿದ್ದಾರೆ, ಒಡತಿ ತನ್ನ ಗಂಡನಿಗೆ ಏನು ಬೇಕೋ ಅದಾಗಲಿ ಎಂದು ಪ್ರಸನ್ನವಾಗಿದ್ದಾಳೆ. ಅದೇ ಊರಿನಲ್ಲಿ ಹಿಂದೊಮ್ಮೆ ಮಹಿಳಾ ಸಂಘವೊಂದು ಇತ್ತು, ಬೆಟ್ಟಿ ಫ್ರೀಡನ್ ಅಲ್ಲಿಗೆ ಬಂದು ಭಾಷಣ ಮಾಡಿದ್ದರು ಎಂಬ ಹಳೆಯ ಪತ್ರಿಕಾ ವರದಿ ನಾಯಕಿ ಜೊವಾನಾಳ ಕೈಗೆ ಸಿಗುತ್ತದೆ. ಫ್ರೀಡನ್ ಕಲ್ಪನೆಯ ಪಾತ್ರವಲ್ಲ. ಉಪನಗರದ ಅನುಕೂಲಸ್ಥ ಗೃಹಿಣಿಯರ ಕೊರಗನ್ನು 1963ರ ತಮ್ಮ ಪುಸ್ತಕದಲ್ಲಿ ‘ಹೆಸರಿಲ್ಲದ ಸಮಸ್ಯೆ’ ಎಂದು ಕರೆದವರು ಅವರೇ. ಆ ಸಂಘದ ಅಧ್ಯಕ್ಷೆಯಾಗಿದ್ದವಳಿಗೆ ಈಗ ಮನೆಗೆಲಸದ ನಡುವೆ ಬೇರೆ ಯಾವುದಕ್ಕೂ ಪುರುಸೊತ್ತಿಲ್ಲ. ಅವಳು ಮನೆಗೆಲಸ ಮಾಡುತ್ತಿದ್ದಾಳೆ ಎಂಬುದು ಜೊವಾನಾಳನ್ನು ಹೆದರಿಸುವುದಿಲ್ಲ. ಹಿಂದೆ ಇನ್ನೊಂದು ಬದುಕು ಇತ್ತು, ಅದರ ಗುರುತೇ ಇಲ್ಲ ಎಂಬುದು ಹೆದರಿಸುತ್ತದೆ.

ಆದ್ದರಿಂದ ಅಕ್ಕ ಮತ್ತೆ ಮಾತನಾಡತೊಡಗಿದ ಮೇಲೆ ‘ನೀನು ಸುಖವಾಗಿದ್ದೀಯಾ’ ಎಂದು ಕೇಳಬೇಡಿ; ಆ ಪ್ರಶ್ನೆಗೆ ಯಾರಾದರೂ ಹೌದು ಎಂದೇ ಹೇಳುತ್ತಾರೆ. ಆ ಮೇಜು ಈಗ ಎಲ್ಲಿದೆ ಎಂದು ಕೇಳಿ. ಮಾರಿದ್ದರೆ ಮಾರೋಣ ಎಂದವರು ಯಾರು, ಅಟ್ಟದಲ್ಲಿದ್ದರೆ ಇಳಿಸಿಕೊಳ್ಳುವ ಮನಸ್ಸಿದೆಯೇ ಎಂಬುದು ಮಾತಿನ ನಡುವೆ ತಾನಾಗಿ ಬರಲಿ. ಚಿತ್ರ ಬರೆದೂ ಬರೆದೂ ಸಾಕಾಯಿತು, ಗಡುವು, ಬಾಕಿ ಹಣಕ್ಕಾಗಿ ಅಲೆದಾಟ ಯಾವುದೂ ಬೇಡವಾಯಿತು ಎಂದು ಅವರು ಹೇಳಿದರೆ ನಂಬಿ. ನಿಮಗೆ ರುಚಿಸದ ಆಯ್ಕೆಯೂ ಆಯ್ಕೆಯೇ. ಸ್ತ್ರೀವಾದ ಕಲಿತವರಿಗೆ ಇದನ್ನು ಒಪ್ಪುವುದು ಕಷ್ಟ, ನನಗೂ ಕಷ್ಟವಾಗಿದೆ.

ಕೈಖರ್ಚಿಗೂ ಲೆಕ್ಕ ಒಪ್ಪಿಸಬೇಕು, ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆಯಿಲ್ಲ, ಗೆಳತಿಯರನ್ನು ಕಾಣಲು ಒಪ್ಪಿಗೆ ಬೇಕು ಎಂಬಂಥ ಸಂಗತಿಗಳು ಹೊರಬಿದ್ದರೆ ಮಾತ್ರ ಅದು ಆಯ್ಕೆಯಲ್ಲ. ಆಗ ಕಾದಂಬರಿಯನ್ನು ಬದಿಗಿಟ್ಟು ಆಪ್ತಸಮಾಲೋಚಕರನ್ನೋ ವಕೀಲರನ್ನೋ ಅಕ್ಕನೊಂದಿಗೇ ಹೋಗಿ ಕಾಣಿ.

ಭಾವನ ಬಗ್ಗೆ ‘ಒಳ್ಳೆಯವರು’ ಎಂದಿದ್ದೀರಿ. ಇರಬಹುದು. ಜೊವಾನಾಳ ಗಂಡನೂ ಒಳ್ಳೆಯವನೇ, ಗಂಡಸರ ಸಂಘವನ್ನು ಒಳಗಿದ್ದೇ ಬದಲಿಸುತ್ತೇನೆಂದು ಸೇರಿದವನು. ನಿಮ್ಮ ಭಾವನನ್ನು ಅವನ ಜೊತೆ ನಿಲ್ಲಿಸುವಷ್ಟು ಪುರಾವೆ ಪತ್ರದಲ್ಲಿಲ್ಲ. ಹೆಂಡತಿಯನ್ನು ಕೇಳಿದ ಪ್ರಶ್ನೆಗೆ ತಾವು ಉತ್ತರ ಕೊಡುವ ಅಭ್ಯಾಸವೊಂದು ಅವರಿಗಿದೆ, ಅಷ್ಟೇ. ಮುಂದಿನ ಸಲ ಅವರು ಹಾಗೆ ಉತ್ತರಿಸಿದಾಗ ನಗುತ್ತಲೇ ‘ಭಾವ, ನಾನು ಅಕ್ಕನನ್ನು ಕೇಳಿದ್ದು’ ಎನ್ನಿ, ಹೇಳಿ ಅಕ್ಕನ ಮುಖ ನೋಡುತ್ತಾ ಸುಮ್ಮನೆ ಕಾಯಿರಿ. ಅವರು ಏನು ಹೇಳಿದರೆಂದು ನನಗೂ ಬರೆದು ತಿಳಿಸಿ.